ಅಂಕಣ ಹೋಗಿ ಗುಂಟೆ ಬಂತು

ನಾನು ಏಳನೆತ್ತೆ ಕಲಿತವ. ಹಗಲು ಹೊಲ, ರಾತ್ರಿ ಭಜನಿ. ಇತಿಹಾಸದ ಮ್ಯಾಲ ಒಂದು ಲೇಖನ ಬರೀರಿ ಅಂತ ವಾಚನಾಲಯದ ಹುಡುಗರು ಕೇಳಿದಾಗ, ರಾಜರ ಕಥಿ ನನಗ ಬರೂದಿಲ್ಲಪ್ಪ ಅಂದೆ. ಆದರ ಹೊಸ ಮನಿ ಶಾಂತಿ ಇದ್ದಲ್ಲೆಲ್ಲ ನನ್ನ ಹಾಡಾಕ ಕರೀತಾರ. ನಲವತ್ತು ವರ್ಷದಾಗ ಯಾರ ಮನಿ ಯಾರಿಗೆ ಹೋಯಿತು, ಯಾಕ ಹೋಯಿತು ಅನ್ನೂದನ್ನ ನೋಡೀನಿ. ಅದನ್ನೇ ಬರೀತೀನಿ. ಇದು ನಮ್ಮ ಅಕ್ಕಲಕೋಟ ತಾಲೂಕಿನ ಹಳ್ಳಿಗಳ ಮಾತು.

ನಮ್ಮಲ್ಲಿ ಮನಿ ಕೊಡೂದು, ಕೊಳ್ಳೂದು ಶಿವರಾತ್ರಿಗೆ ಸುರು ಆಗಿ ಬಸವ ಜಯಂತಿಗೆ ಮುಗೀತಿತ್ತು. ಅದಕ್ಕ ಕಾರಣ ಇತ್ತು. ಹಿಂಗಾರಿ ಜೋಳ ರಾಶಿಯಾಗಿ ಕೈಯಾಗ ರೊಕ್ಕ ಆಡೂದು ಆವಾಗ. ಸೋಲಾಪುರಕ್ಕ ದುಡಿಯಾಕ ಹೋದವರು ಯುಗಾದಿಗೆ, ಜಾತ್ರಿಗೆ ಊರಿಗೆ ಬರತಿದ್ದರು. ಕೊಂಡ ಮನಿಗೆ ರೋಹಿಣಿ ಮಳಿಯೊಳಗ ಮ್ಯಾಳಗಿ ಮಣ್ಣು ಹಾಕಿ ಮುಗಿಸಬೇಕು. ಆಷಾಢದಾಗ ಯಾರೂ ಹೊಸ ಮನಿ ಹೊಗುವುದಿಲ್ಲ. ಹಿಂಗಾಗಿ ಎಲ್ಲ ವ್ಯವಹಾರ ಆ ಎರಡು-ಎರಡೂವರೆ ತಿಂಗಳದಾಗ.

ಆಗ ಮನಿ ಅಳೆಯೂದು ಅಂಕಣದ ಮ್ಯಾಲ. ಎರಡು ತೊಲಿ ನಡುವಿನ ಜಾಗಕ್ಕ ಒಂದು ಅಂಕಣ. ಮರಾಠಿಯವರು ಅದಕ್ಕ ಖಣ ಅಂತಾರ. "ಆರಂಕಣದ ಮನಿ" ಅಂದರ ಸಾಕು, ಕೇಳಿದವರಿಗೆ ಎಲ್ಲ ತಿಳೀತಿತ್ತು. ಕೊಳ್ಳಾವ ಒಳಗ ಬಂದು ಮೊದಲು ತಲಿ ಎತ್ತಿ ನೋಡತಿದ್ದ. ತೊಲಿ ಸಾಗವಾನಿದೋ ಬೇವಿನದೋ? ಜಂತಿಗೆ ಹುಳ ಬಿದ್ದಾವೋ? ಬೆಲಿ ಕಟ್ಟಿಗಿಗೆ ಇತ್ತು, ಕೆಳಗಿನ ನೆಲಕ್ಕ ಇರಲಿಲ್ಲ. ಊರು ಬಿಟ್ಟು ಹೋಗಾವ ತೊಲಿ-ಜಂತಿ ಕಿತ್ತು ಮಾರಿದರ ಗ್ವಾಡಿ ಮಳಿಗೆ ಕರಗಿ ಬಿಳಿ ಮಣ್ಣಾಗಿ ಬೀಳತಿತ್ತು. ಹಂಗ ಬಿದ್ದು ಬಿದ್ದು ಊರ ನೆಲವೇ ಬೆಳ್ಳಗಾತು. ಮರಾಠಿಯಾಗ ಊರ ಜಾಗಕ್ಕ ಪಾಂಢರಿ, ಹೊಲಕ್ಕ ಕಾಳಿ ಅನ್ನೂದು ಅದಕ್ಕ.

ಮಾರಾವ ಮೊದಲು ಅಣ್ಣತಮ್ಮರಿಗೆ ಕೇಳಬೇಕು, ಆಮ್ಯಾಲ ನಡುಗ್ವಾಡಿ ಹಂಚಿಕೊಂಡ ಮಗ್ಗಲ ಮನಿಯವರಿಗೆ. ಅವರು ಒಲ್ಲೆ ಅಂದರ ಮಾತ್ರ ಹೊರಗಿನವರಿಗೆ. ಈ ಪದ್ಧತಿಯೊಳಗ ಒಳ್ಳೇದು ಇತ್ತು, ಕೆಟ್ಟದ್ದೂ ಇತ್ತು. ಓಣಿ ಓಣಿಗೆ ಜಾತಿ. ರೊಕ್ಕ ಇದ್ದರೂ ಅಗಸಿ ಹೊರಗಿನವರಿಗೆ ಅಗಸಿ ಒಳಗ ಮನಿ ಸಿಗತಿರಲಿಲ್ಲ. ಇದನ್ನ ಮುಚ್ಚಿಟ್ಟು ಇತಿಹಾಸ ಬರದರ ಅದು ಅರ್ಧ ಇತಿಹಾಸ.

1972ರ ಬರಗಾಲ ಈ ಲೆಕ್ಕ ಎಲ್ಲ ತಿರುವಿ ಹಾಕಿತು. ಬೆಳಿ ಇಲ್ಲ, ನೀರಿಲ್ಲ. ಹೆಂಗಸರು ಗಂಡಸರು ಸರಕಾರದ ಕೆಲಸದಾಗ ಕಲ್ಲು ಒಡದರು, ಸುಕಡಿ ತಿಂದು ಬದುಕಿದರು. ಆ ವರ್ಷ ಮನಿ ಮಾರಾಕ ಯಾರೂ ಶಿವರಾತ್ರಿ ಕಾಯಲಿಲ್ಲ. ಮಾರವರು ಬಹಳ, ಕೊಳ್ಳವರಿಲ್ಲ. ಕೆಲವರು ಕೀಲಿ ಹಾಕಿ ಸೋಲಾಪುರಕ್ಕ ನಡದರು. ಅಲ್ಲಿ 1877ರಿಂದ ಬಟ್ಟಿ ಗಿರಣಿ ಇದ್ದವು, ದುಡಿಮಿ ಸಿಗಬಹುದು ಅನ್ನೋ ಆಶಾ.

ಹಂಗ ಹೋದವರೊಬ್ಬರು 1974ರ ಯುಗಾದಿ ಮುಂದ ಮನಿ ಮಾರಾಕಂತ ಬಂದರು. ನಮ್ಮಪ್ಪ ಜೋಳ ಮಾರಿದ ರೊಕ್ಕದಾಗ ಆ ನಾಲ್ಕಂಕಣದ ಮನಿ, ಹಿಂದಿನ ಹಿತ್ತಲ ಎರಡೂ ಕೊಂಡ. ಹಣಮಪ್ಪನ ಗುಡಿ ಮುಂದ ಐದು ಮಂದಿ ಕುಂತು ಮಾತಾತು, ಬೆಲ್ಲ ಹಂಚಿದರು. ಕಾಗದ ಮರಾಠಿಯಾಗ ಬರದರು. 1948ರಾಗ ಅಕ್ಕಲಕೋಟ ಸಂಸ್ಥಾನ ಮುಂಬೈ ಪ್ರಾಂತಕ್ಕ ಸೇರಿತು, 1960ಕ್ಕ ಮಹಾರಾಷ್ಟ್ರ ಆತು. ಮನಿಯಾಗ ಮಾತು ಕನ್ನಡ, ಕಚೇರಿಯಾಗ ಕಾಗದ ಮರಾಠಿ. ಅಪ್ಪ ಕನ್ನಡ ಸಾಲಿಗೆ ಎರಡು ವರ್ಷ ಹೋದಾಂವ. ಓದಾಕ ಬರದ ಕಾಗದದ ಕೆಳಗ ಕನ್ನಡದಾಗ ಸಹಿ ಮಾಡಿದ. ಆಗ ನನಗ ಹದಿನಾಲ್ಕು ವರ್ಷ, ಮಗ್ಗಲದಾಗೇ ನಿಂತಿದ್ದೆ.

1993ರ ಸೆಪ್ಟೆಂಬರ್ 30ರ ನಸುಕಿನ್ಯಾಗ ಕಿಲ್ಲಾರಿ ಭೂಕಂಪ ಆತು. ಗಣಪತಿ ಕಳಿಸಿ ಮಂದಿ ಮಲಗಿದ್ದ ಹೊತ್ತು. ಲಾತೂರ, ಉಸ್ಮಾನಾಬಾದ ಕಡೆ ಸಾವಿರಾರು ಜನ ಸತ್ತರು. ಅಲ್ಲಿನ ಮನಿಗಳೂ ನಮ್ಮಂಥಾವೇ: ಮಣ್ಣಿನಾಗ ಕಟ್ಟಿದ ದಪ್ಪ ಕಲ್ಲಿನ ಗ್ವಾಡಿ, ಮ್ಯಾಲ ಮೊಳಗಟ್ಟಲೆ ಮಣ್ಣು. ಬ್ಯಾಸಗ್ಯಾಗ ತಂಪು ಕೊಡೋ ಮ್ಯಾಳಗಿನೇ ಮೈಮ್ಯಾಲ ಬಿತ್ತು. ನಮ್ಮೂರಾಗೂ ನೆಲ ಅಲುಗಿತು, ಎಷ್ಟೋ ದಿನ ಅಂಗಳದಾಗ ಮಲಗಿದಿವಿ. ಆಮ್ಯಾಲ ಕೊಳ್ಳಾವ ತೊಲಿ ನೋಡೂದು ಬಿಟ್ಟ. "ಕೆಡವಿದರ ಜಾಗಾ ಎಷ್ಟು ಸಿಗತದ?" ಅಂತ ಕೇಳಾಕ ಹತ್ತಿದ. ನಮ್ಮ ಕಡೆ ಅಂಕಣದ ಲೆಕ್ಕ ಹೋಗಿ ಗುಂಟೆ ಲೆಕ್ಕ ಬಂದದ್ದು ಹಿಂಗ. ಗುಂಟೆ ಅಂದರ 33 ಫೂಟು ಉದ್ದ, 33 ಫೂಟು ಅಗಲ, ಒಟ್ಟು 1089 ಚದರ ಫೂಟು.

ನೆಲಕ್ಕ ಬೆಲಿ ಬಂದ ಕೂಡ್ಲೆ ಹಳೇ ಕಾಗದ ಹೊರಗ ಬಂದವು. 2006ರಾಗ ಮನಿ ಮಾರಿದವರ ಮೊಮ್ಮಕ್ಕಳಿಬ್ಬರು ಬಂದರು. "ಕಾಕಾ, ನಮ್ಮ ಮುತ್ಯಾ ಮನಿ ಮಾರ್ಯಾನ, ಹಿತ್ತಲ ಮಾರಿಲ್ಲ" ಅಂದರು. ನನಗ ಸಿಟ್ಟು ಬಂತು. ಸಾಲಿ ಗುರುಗಳ ಹತ್ತಿರ ಕಾಗದ ಒಯ್ದು ಓದಿಸಿದೆ. ನಾಲ್ಕು ಖಣ ಘರ ಅಂತ ಇತ್ತು. ಹಿತ್ತಲಕ್ಕ ಮರಾಠಿಯಾಗ ಪರಸ ಅಂತಾರ, ಆ ಒಂದು ಶಬ್ದ ಇರಲಿಲ್ಲ. ಹುಡುಗರು ಸುಳ್ಳು ಹೇಳಿರಲಿಲ್ಲ, ಕಾಗದ ಹೇಳಿದ್ದನ್ನೇ ಹೇಳಿದ್ದರು. ಗುಡಿ ಮುಂದ ಕುಂತ ಐದು ಮಂದಿಯೊಳಗ ಒಬ್ಬರೂ ಉಳಿದಿರಲಿಲ್ಲ. ಅವ್ವ ಮೂವತ್ತು ವರ್ಷ ಕರಿಬೇವು, ನುಗ್ಗಿ ಬೆಳೆಸಿದ ಹಿತ್ತಲಕ್ಕ ನಾನು ಎರಡನೇ ಸಲ ರೊಕ್ಕ ಕೊಟ್ಟೆ. ಈ ಸಲದ ಕಾಗದ ನನ್ನ ಮಗಳು ಒಂದೊಂದ ಸಾಲು ಓದಿ ಕನ್ನಡದಾಗ ಹೇಳಿದಳು. ಆಮ್ಯಾಲ ಸಹಿ ಹಾಕಿದೆ.

ಈಗಲೂ ಮನಿ ಸುಗ್ಗಿ ವಸಂತದಾಗೇ ಬರತದ. ಆದರ ಕಾರಣ ಬದಲಾಗೇದ. ಸರಕಾರದ ರೆಡಿ ರೆಕನರ್ ದರ 2016ರಿಂದ ಏಪ್ರಿಲ್ 1ಕ್ಕ ಬದಲಾಗತದ. ಅದರ ಮ್ಯಾಲ ಮುದ್ರಾಂಕ ಶುಲ್ಕ ಏರೀತು ಅಂತ ಮಾರ್ಚ್ ಕಡಿಗೆ ನೋಂದಣಿ ಕಚೇರಿಯಾಗ ಮಂದಿ ತುಂಬಿರತಾರ. ಅಕ್ಕಲಕೋಟದಾಗ ಸ್ವಾಮಿ ಸಮರ್ಥರ ಭಕ್ತರು ಹೆಚ್ಚಾದಂಗ ರಸ್ತೆ ಮಗ್ಗಲದ ಜಾಗಾಕ್ಕ ಬೆಲಿ ಏರೇದ. ಮಾರವರಿಗೆ ಸಂತೋಷ. ಆದರ ಊರಾಗ ಹುಟ್ಟಿದ ಕೂಲಿಯವರ ಮಗನಿಗೆ ಊರಾಗ ಜಾಗಾ ಕೊಳ್ಳೂದು ಕಷ್ಟ ಆಗೇದ.

ಅಂಥ ಹುಡುಗರೇ ಅಗ್ಗಾ ಸಿಗತದಂತ ಹೊಲದಾಗ ಒಂದು ಗುಂಟೆ, ಎರಡು ಗುಂಟೆ ನೋಟರಿ ಕಾಗದದ ಮ್ಯಾಲ ಕೊಳ್ಳತಾರ. ಸಣ್ಣ ತುಕಡಿ ಮಾಡಿ ಹೊಲ ಮಾರಬಾರದು ಅಂತ 1947ರಿಂದ ತುಕಡೇಬಂದಿ ಕಾಯದೆ ಅದ. ನೋಟರಿ ಕಾಗದದ ಮ್ಯಾಲ ಸಾತಬಾರಾಕ್ಕ ಹೆಸರು ಏರೂದಿಲ್ಲ. ಪಂಚಾಯತಿ ಕರ ತುಂಬಿದ ಪಾವತಿ ಕೈಯಾಗಿದ್ದರ ಮಾಲಕ ಆದಂಗಲ್ಲ. 2020ರಾಗ ಸ್ವಾಮಿತ್ವ ಯೋಜನಾ ಬಂತು. ಡ್ರೋನಿನಿಂದ ಊರೊಳಗಿನ ಜಾಗಾ ಅಳದು ಮಿಳಕತ್ ಪತ್ರಿಕಾ ಕೊಡತಾರ. ಅದರಾಗ ಹೆಸರು, ಅಳತಿ, ಹಿತ್ತಲ ಬರೋಬ್ಬರಿ ಅದಾವೋ ಅಂತ ಈಗೇ ನೋಡಿಸರಿ. ಮನಿ ಕೊಳ್ಳೂದಿದ್ದರ ಹೆಣ್ಣುಮಕ್ಕಳ ಹೆಸರಿಲೆ ಕೊಳ್ಳರಿ. 2021ರಿಂದ ಮುದ್ರಾಂಕ ಶುಲ್ಕದಾಗ 1 ಟಕ್ಕೆ ರಿಯಾಯಿತಿ ಅದ, ಮನಿ ದುಡಿದವಳಿಗೆ ಹಕ್ಕೂ ಬರತದ.

ಹಿಂದಿನವರ ಮಾತು ಸುಳ್ಳಾಗಿರಲಿಲ್ಲ. ಆದರ ಮಾತು ಆಡಿದವರ ಜೋಡಿನೇ ಮಾತೂ ಹೋಗತದ, ಕಾಗದ ಉಳೀತದ. ನಮ್ಮ ಗುರುಗಳಿಗೆ ನಂದೊಂದು ಬೇಡಿಕಿ ಅದ. ಮನಿ ಕಾಗದ ತಂದು ಓದಿ ಹೇಳರಿ ಅಂತ ಯಾರರೆ ಬಂದರ ಹೊತ್ತಿಲ್ಲ ಅನಬ್ಯಾಡರಿ. ನಮ್ಮಪ್ಪಗ ಅವತ್ತು ಹಂಗ ಓದಿ ಹೇಳವರು ಒಬ್ಬರು ಸಿಕ್ಕಿದ್ದರ ಹಿತ್ತಲ ಒಂದೇ ಸಲ ಕೊಳ್ಳತಿದ್ದಿವಿ.