ಮೆಕ್ಕೆಜೋಳದ ವಂತಿಗೆ: ಅಮೆರಿಕದ ಬೆಳೆಗಾರರ ಸಾಮೂಹಿಕ ನಿಧಿ

ಅಮೆರಿಕದ ಮುಖ್ಯ ಮೆಕ್ಕೆಜೋಳ ರಾಜ್ಯಗಳಲ್ಲಿ ರೈತ ಮಾರುವ ಪ್ರತಿ ಬುಷೆಲ್ ಕಾಳಿನ (ಸುಮಾರು 25.4 ಕಿ.ಗ್ರಾಂ) ಬೆಲೆಯಿಂದ ಒಂದು ಸೆಂಟ್ ಅಥವಾ ಅದರ ಒಂದಂಶವನ್ನು ಮುರಿದುಕೊಂಡು ಬೆಳೆ ಸಂಶೋಧನೆಗೂ ಎಥನಾಲ್ ಪ್ರಚಾರಕ್ಕೂ ಬಳಸುತ್ತಾರೆ. ಅಲ್ಲಿ ಇದಕ್ಕೆ 'ಚೆಕಾಫ್' ಎನ್ನುತ್ತಾರೆ. ಸೋಯಾ ಅವರೆಗೆ 1990ರ ರಾಷ್ಟ್ರೀಯ ಕಾನೂನಿದೆ. ಮೆಕ್ಕೆಜೋಳಕ್ಕೆ ಅಂಥದ್ದಿಲ್ಲ, ರಾಜ್ಯಗಳು ಒಂದೊಂದಾಗಿ ಮಂಡಳಿ ಕಟ್ಟಿಕೊಂಡವು. ಅಯೋವ ಈ ದಾರಿ ಹಿಡಿದದ್ದು 1970ರ ದಶಕದ ಕೊನೆಯಲ್ಲಿ. ನೆಬ್ರಾಸ್ಕದ ಮಂಡಳಿ ಹುಟ್ಟಿದ್ದು 1978ರಲ್ಲಿ. ಈ ಪದ್ಧತಿ ಬಾಳಿದ್ದಕ್ಕೆ ರೈತರ ಒಗ್ಗಟ್ಟನ್ನು ಹೊಗಳುವುದು ವಾಡಿಕೆ. ಆದರೆ ನಿಜವಾದ ಕಾರಣ ವಸೂಲಿಯ ಜಾಗ. ಹೊಸ ತಳಿಯ ಅರಿವೂ ಹೊಸ ಮಾರುಕಟ್ಟೆಯೂ ಕಾಸು ಕೊಡದ ನೆರೆಯವನಿಗೂ ಅಷ್ಟೇ ದಕ್ಕುತ್ತವೆ, ಹಾಗಾಗಿ ಸ್ವಇಚ್ಛೆಯ ಚಂದಾ ಬತ್ತಿಹೋಗುತ್ತದೆ. ಮೊದಲ ಖರೀದಿದಾರನೇ ಉಗ್ರಾಣದ ಬಾಗಿಲಲ್ಲಿ ಹಣ ಹಿಡಿದುಕೊಂಡರೆ ವಸೂಲಿಯ ಹೊತ್ತಿಗೆ ಯಾರೂ ತಪ್ಪಿಸಿಕೊಳ್ಳಲಾಗದು. ನಮ್ಮ ಎಪಿಎಂಸಿ ಶುಲ್ಕ ಕೊಳ್ಳುವವನ ಮೇಲೆ ಬೀಳುತ್ತದೆ. ಈ ವಂತಿಗೆಯಾದರೋ ಬೆಳೆದವನದೇ ಹಣ.

ಎಥನಾಲ್‌ನ ಏಳಿಗೆ ಈ ವಂತಿಗೆಯ ಸಾಧನೆಯೇ? ಪೂರ್ತಿ ಒಪ್ಪಲಾಗದು. 1973ರ ತೈಲ ಬಿಕ್ಕಟ್ಟಿನ ಬಳಿಕ, 1978ರ ಕಾನೂನು ಎಥನಾಲ್‌ಗೆ ಗ್ಯಾಲನ್ನಿಗೆ 40 ಸೆಂಟ್‌ನಷ್ಟು ತೆರಿಗೆ ವಿನಾಯಿತಿ ಕೊಟ್ಟಿತು. 2005ರಲ್ಲಿ ಪೆಟ್ರೋಲಿಗೆ ಬೆರೆಸುವುದು ಕಡ್ಡಾಯವಾಯಿತು. 2007ರ ಕಾನೂನು ಸಾಂಪ್ರದಾಯಿಕ, ಅಂದರೆ ಬಹುಪಾಲು ಮೆಕ್ಕೆಜೋಳದ, ಎಥನಾಲ್‌ಗೆ ವರ್ಷಕ್ಕೆ 1,500 ಕೋಟಿ ಗ್ಯಾಲನ್‌ವರೆಗೆ ಜಾಗ ಮಾಡಿತು. ಇಂದು ಅಲ್ಲಿನ ಬೆಳೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಎಥನಾಲ್ ಕಾರ್ಖಾನೆಗಳಿಗೆ ಹೋಗುತ್ತಿರುವುದು ಈ ಕಾನೂನುಗಳ ಬಲದಿಂದ. ಅಯೋವದಲ್ಲಂತೂ ವಂತಿಗೆಯ ಹಣದಿಂದ ಶಾಸಕರ ಮೇಲೆ ಒತ್ತಡ ತರುವಂತಿಲ್ಲ. ಆ ಕೆಲಸ ಸದಸ್ಯತ್ವ ಶುಲ್ಕದಿಂದ ನಡೆಯುವ, ಬೆಳೆಗಾರರ ಬೇರೊಂದು ಸಂಘದ್ದು. ವಂತಿಗೆ ಮಾಡಿದ್ದು ನೆಲ ಹದಗೊಳಿಸುವ ಕೆಲಸ: ಎಂಜಿನ್ ಪರೀಕ್ಷೆ, ಬಂಕ್‌ಗಳಲ್ಲಿ ಹೊಸ ಪಂಪ್‌ಗಳಿಗೆ ನೆರವು, ಜಾಹೀರಾತು. 2011ರಿಂದ ನಾಸ್ಕಾರ್ ಓಟದ ಕಾರುಗಳು ಶೇ. 15 ಎಥನಾಲ್ ಬೆರೆತ ಇಂಧನದಲ್ಲಿ ಓಡುತ್ತಿರುವುದೂ ಇಂಥದೇ ಪ್ರಚಾರದ ಫಲ.

ಒಪ್ಪದವನಿಂದಲೂ ಹಣ ಕೀಳುವುದು ನ್ಯಾಯವೇ ಎಂಬ ಆಕ್ಷೇಪ ಹಳೆಯದು. ಅಯೋವದಲ್ಲಿ ಕೇಳಿದವರಿಗೆ ಹಣ ಮರಳುತ್ತದೆ, ನೆಬ್ರಾಸ್ಕದಲ್ಲಿ ಇಲ್ಲ. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅಣಬೆ ಬೆಳೆಗಾರರ ಕಡ್ಡಾಯ ಜಾಹೀರಾತು ವಂತಿಗೆಯನ್ನು ತಳ್ಳಿಹಾಕಿತು. 2005ರಲ್ಲಿ ದನದ ಮಾಂಸದ ವಂತಿಗೆಯನ್ನು, ಅದು ಸರ್ಕಾರದ್ದೇ ಮಾತು ಎಂದು ಹೇಳಿ, ಎತ್ತಿಹಿಡಿಯಿತು. ರೈತರ ದನಿ ಎಂದು ಹೇಳಿಕೊಳ್ಳುವ ಪದ್ಧತಿಗೆ ಇದು ಮುಜುಗರದ ರಕ್ಷಣೆ. ಆಹಾರವನ್ನು ವಾಹನದ ಟ್ಯಾಂಕಿಗೆ ಸುರಿಯುತ್ತಾರೆ ಎಂಬ ಇನ್ನೊಂದು ದೂರು 2008ರ ಬೆಲೆ ಏರಿಕೆಯಲ್ಲಿ ಜೋರಾಯಿತು. ಒಂದು ಬುಷೆಲ್ ಸುಮಾರು 2.8 ಗ್ಯಾಲನ್ ಎಥನಾಲ್ ಜೊತೆಗೆ 7 ಕಿ.ಗ್ರಾಂ ಮೀರಿದ ಪಶು ಆಹಾರವನ್ನೂ ಕೊಡುತ್ತದೆ ಎಂಬುದು ಮಂಡಳಿಗಳ ಉತ್ತರ. ಉತ್ತರ ಸರಿಯೇ, ಆದರೆ ಅರ್ಧ: ಎಥನಾಲ್ ಆದ ಪಿಷ್ಟ ಮರಳುವುದಿಲ್ಲ. ಲಾಭವೂ ಪೂರ್ತಿ ರೈತನದಲ್ಲ: ಬೆಲೆ ಏರಿದಾಗ ಗೇಣಿಯೂ ಏರುವುದರಿಂದ, ಗೇಣಿದಾರ ತೆತ್ತ ವಂತಿಗೆಯ ಫಲದಲ್ಲಿ ಒಂದು ಪಾಲು ಭೂಮಾಲೀಕನ ಕೈ ಸೇರುತ್ತದೆ.

ಸಂಶೋಧನೆಯ ಕಡೆ ವಂತಿಗೆಯ ಸಮರ್ಥನೆ ಗಟ್ಟಿಯಾಗಿದೆ. ಟೆಕ್ಸಾಸ್ ಮೊದಲಾದ ದಕ್ಷಿಣದ ರಾಜ್ಯಗಳಲ್ಲಿ ಕಾಳಿಗೆ ಹತ್ತುವ ಶಿಲೀಂಧ್ರದ ಅಫ್ಲಟಾಕ್ಸಿನ್ ವಿಷದ ಮೇಲಿನ ಅಧ್ಯಯನಕ್ಕೆ ಬೆಳೆಗಾರರ ಹಣ ಹೋಗಿದೆ. ಬೀಜ ಕಂಪನಿಗಳಿಗೆ ಲಾಭ ಕಾಣದ ಇಂಥ ಕೆಲಸಗಳಿಗೆ ಬೇರೆ ದಾತರು ಸುಲಭಕ್ಕೆ ಸಿಗುವುದಿಲ್ಲ. 2009ರಲ್ಲಿ ಪ್ರಕಟವಾದ ಮೆಕ್ಕೆಜೋಳದ ಜೀನೋಮ್‌ಗೆ (ಪೂರ್ಣ ವಂಶವಾಹಿ ನಕ್ಷೆಗೆ) ಹಣ ಹಾಕಿದ್ದು ಮುಖ್ಯವಾಗಿ ಅಮೆರಿಕದ ಕೇಂದ್ರ ಸರ್ಕಾರ. ಆದರೆ ಸಸ್ಯ ಜೀನೋಮ್ ಸಂಶೋಧನೆಗೆ ಹಣ ತೆಗೆದಿಡುವಂತೆ 1990ರ ದಶಕದಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಬೆನ್ನು ಹತ್ತಿದವರಲ್ಲಿ ಬೆಳೆಗಾರರ ರಾಷ್ಟ್ರೀಯ ಸಂಘ ಮುಂದಿತ್ತು.