ಹೊಳೆಯಾಚೆಯ ಯುದ್ಧ, ಈಚೆಯ ಲೆಕ್ಕ | ಭಾಗ 4

📍 ಕೆಂಚನಗುಡ್ಡ, ಸಿರುಗುಪ್ಪ ತಾಲ್ಲೂಕು

ಮೊದಲನೇ ಫೋಟೋ ನೋಡ್ರಿ. ಕೆಂಚನಗುಡ್ಡದ ಹಳೇ ಕೋಟೆ, ಪಕ್ಕದಲ್ಲೇ ತುಂಗಭದ್ರೆ. ರಾಯರ ಮಠದ ವಸುಧೇಂದ್ರ ತೀರ್ಥರ ಬೃಂದಾವನ ಇರೋ ಊರು ಇದೇ. ಹೊಳೆ ದಾಟಿದ್ರೆ ರಾಯಚೂರು ಸೀಮೆ. ಆ ಎಡೆದೊರೆ ನಾಡಿನ ಕೋಣಗಲ್ ಹತ್ರ 1800ರ ಸೆಪ್ಟೆಂಬರ್ 10ರಂದು ಧೋಂಡಿಯಾ ವಾಘ್ ಸತ್ತ. ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿನ ಸೆರೆಯಿಂದ ತಪ್ಪಿಸಿಕೊಂಡು, ಕೆಲಸ ಕಳೆದುಕೊಂಡ ಸಿಪಾಯಿಗಳನ್ನ ಸೇರಿಸಿ, "ಉಭಯ ಲೋಕಾಧೀಶ್ವರ" ಅಂತ ಹೆಸರಿಟ್ಟುಕೊಂಡವನು. ಅವನನ್ನ ಬೆನ್ನಟ್ಟಿ ಬಂದವನು ಆರ್ಥರ್ ವೆಲ್ಲೆಸ್ಲಿ. ಆ ದಂಡಿನ ಹಿಂದೆ ಮೈಸೂರಲ್ಲಿ ಕೂತು ಕುದುರೆ, ದವಸ, ದುಡ್ಡು ಹೊಂದಿಸುತ್ತಿದ್ದವರು ದಿವಾನ್ ಪೂರ್ಣಯ್ಯ.

ಪೂರ್ಣಯ್ಯ ಹೈದರ್ ಕಾಲದಲ್ಲಿ ಲೆಕ್ಕ ಬರೀತಾ ಮೇಲೆ ಬಂದವರು. 1782ರ ಡಿಸೆಂಬರ್‌ನಲ್ಲಿ ಹೈದರ್ ದಂಡಿನಲ್ಲೇ ತೀರಿಕೊಂಡಾಗ, ಟಿಪ್ಪು ಮಲಬಾರಿನಿಂದ ಬರೋವರೆಗೂ ಆ ಸುದ್ದಿ ಹೊರಗೆ ಹೋಗದಂತೆ ಕಾದವರಲ್ಲಿ ಇವರೂ ಒಬ್ಬರು. ಗುಟ್ಟು ಕಾಯೋದು, ಹೊತ್ತು ನೋಡಿ ಮಾತಾಡೋದು ಅವರಿಗೆ ಮೊದಲಿಂದಲೂ ರೂಢಿ.

1799ರ ಮೇ 4ರಂದು ಟಿಪ್ಪು ಮಡಿದ. ಗೆದ್ದವರ ಮುಂದೆ ಹೋದ ಪೂರ್ಣಯ್ಯ ಮೊದಲು ಕೇಳಿದ್ದು ಏನು ಗೊತ್ತಾ? ಟಿಪ್ಪುವಿನ ಹಿರಿಮಗ ಫತೇ ಹೈದರ್‌ನನ್ನೇ ಗಾದಿಗೆ ಕೂರಿಸಿ ಅಂತ. ಕಂಪನಿ ಒಪ್ಪಲಿಲ್ಲ. ಜೂನ್ 30ಕ್ಕೆ ಮೈಸೂರಲ್ಲಿ ಚಪ್ಪರದ ಕೆಳಗೆ ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಆಯ್ತು. ರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ವರ್ಷಗಟ್ಟಲೆ ಇಂಗ್ಲಿಷರ ಜೊತೆ ಮಾತುಕತೆ ನಡೆಸಿದ್ದವರು ತಿರುಮಲರಾವ್. ದಿವಾನಗಿರಿ ಮಾತ್ರ ಪೂರ್ಣಯ್ಯನವರಿಗೆ ಬಂತು.

ಅವರ ಕೈಗೆ ಸಿಕ್ಕ ನಾಡು ಹೇಗಿತ್ತು? ನಾಲ್ಕು ಯುದ್ಧ ಕಂಡಿತ್ತು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಹೋಗಿತ್ತು. ಈಗ ಇನ್ನೊಂದಷ್ಟು ಸೀಮೆ ಹಂಚಿಹೋಯ್ತು.

ಮೊದಲ ಕೆಲಸ: ಹಳೇ ಕಂದಾಯದ ಬಾಕಿ ಪೂರ್ತಿ ಮನ್ನಾ. ಓಡಿಹೋದ ರೈತ ಹೊಲಕ್ಕೆ ವಾಪಸ್ ಬರಬೇಕಲ್ಲ.

ಎರಡನೇದು: ಸಿಪಾಯಿಗಳು. ಕೆಲಸ ಇಲ್ಲದ, ಕತ್ತಿ ಇರೋ ಸಾವಿರಾರು ಜನರನ್ನ ಹಾಗೇ ಬಿಟ್ರೆ ಇನ್ನೂ ಹತ್ತು ಧೋಂಡಿಯಾ ಹುಟ್ಟುತ್ತಾರೆ. ಸುಮಾರು 20,000 ಜನರನ್ನ ಕಂದಾಚಾರದಲ್ಲಿ ಉಳಿಸಿಕೊಂಡರು. ಅವರ ಊರು, ಅವರ ಹೊಲ, ಜೊತೆಗೆ ಒಂದಿಷ್ಟು ಸಂಬಳ. ಕರೆದಾಗ ಕಾವಲಿಗೆ ಬರಬೇಕು. ಅಶಾಂತಿ ಮಾಡಬಹುದಾಗಿದ್ದ ಕೈಗೇ ಶಾಂತಿಯ ಕೆಲಸ ಕೊಟ್ಟ ಜಾಣತನ ಇದು.

ಮೂರನೇದು, ಎಲ್ಲಕ್ಕಿಂತ ಸೂಕ್ಷ್ಮವಾದದ್ದು, ಒಪ್ಪಂದ. 1799ರ ಜುಲೈ 8ರ ಕರಾರಿನ ಪ್ರಕಾರ ಕಂಪನಿಯ ಸೈನ್ಯದ ರಕ್ಷಣೆಗೆ ವರ್ಷಕ್ಕೆ 7 ಲಕ್ಷ ವರಹ ಕೊಡಬೇಕು. ರೂಪಾಯಲ್ಲಿ ಸುಮಾರು 24.5 ಲಕ್ಷ. ಅದರಲ್ಲೊಂದು ಕಲಮು: ದುಡ್ಡು ಬರೋದು ಅನುಮಾನ ಅನ್ನಿಸಿದ್ರೆ ಕಂಪನಿ ಆಡಳಿತವನ್ನೇ ಕೈಗೆ ತಗೋಬಹುದು!

ಪೂರ್ಣಯ್ಯ ಜಿಪುಣ, ಖಜಾನೆ ತುಂಬಿಸಿದ್ದೇ ತುಂಬಿಸಿದ್ದು ಅನ್ನೋ ಟೀಕೆ ಇದೆ. ಸುಳ್ಳಲ್ಲ, ರೈತನ ಮೇಲೆ ಆ ಭಾರ ಬಿದ್ದೇ ಬಿತ್ತು. ಆದ್ರೆ ಆ ಕಲಮನ್ನ ಓದಿದ ಮೇಲೆ ನನಗನ್ನಿಸೋದು, ಅವರಿಗೆ ತುಂಬಿದ ಖಜಾನೆಯೇ ಕೋಟೆ. ಒಂದು ಕಂತು ತಪ್ಪಿದ್ರೂ ರಾಜ್ಯ ಹೋಗೋ ಕಾಲ.

ದುಡ್ಡನ್ನ ಬರೀ ಕೂಡಿಟ್ಟರು ಅಂತಲೂ ಅಲ್ಲ. ಶ್ರೀರಂಗಪಟ್ಟಣದ ಕಲ್ಲಿನ ವೆಲ್ಲೆಸ್ಲಿ ಸೇತುವೆ ಅವರ ಕಾಲದ್ದು. ಕಾವೇರಿಯಿಂದ ಮೈಸೂರಿಗೆ ನೀರು ತರೋಕೆ ತೋಡಿಸಿದ ಪೂರ್ಣಯ್ಯ ನಾಲೆ ಮಾತ್ರ ಕೈಗೂಡಲಿಲ್ಲ.

ಇದೇ ಹೊತ್ತಲ್ಲಿ ನಮ್ಮ ಬಳ್ಳಾರಿ ಕಡೆ? 1792, 1799ರ ಹಂಚಿಕೆಯಲ್ಲಿ ನಿಜಾಮನಿಗೆ ಹೋದ ಸೀಮೆ 1800ರಲ್ಲಿ ಕಂಪನಿಗೆ ಬಂತು. ಅದೇ ದತ್ತ ಮಂಡಲ. ಇಲ್ಲಿ ಸುಮಾರು 80 ಪಾಳೇಗಾರರನ್ನ ಹದ್ದುಬಸ್ತಿಗೆ ತಂದವನು ಕಲೆಕ್ಟರ್ ಥಾಮಸ್ ಮನ್ರೋ. ಅಲ್ಲಿ ಹಳೇ ದರ್ಬಾರಿನ ಮನುಷ್ಯ ತನ್ನದೇ ನಾಡನ್ನ ಕಟ್ಟುತ್ತಿದ್ದ, ಇಲ್ಲಿ ಹೊರಗಿನಿಂದ ಬಂದ ಅಧಿಕಾರಿ. ಒಂದೇ ಯುದ್ಧದ ಎರಡು ತುಂಡು ನೆಲ, ಎರಡು ದಾರಿ.

1811ರಲ್ಲಿ ಎಳೆಯ ಅರಸನಿಗೂ ಪೂರ್ಣಯ್ಯನಿಗೂ ಹೊಂದಲಿಲ್ಲ, ಅಧಿಕಾರ ಬಿಟ್ಟರು. ಖಜಾನೆಯಲ್ಲಿ 2 ಕೋಟಿಗೂ ಮೇಲೆ ಇತ್ತು ಅಂತಾರೆ. 1812ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡರು. 1831ರಲ್ಲಿ, ನಗರದ ರೈತ ದಂಗೆಯ ನಂತರ, ಕಂಪನಿ ಅದೇ ಕಲಮು ತೋರಿಸಿ ಮೈಸೂರನ್ನ ಕೈಗೆ ತಗೊಂಡಿತು. ಅವರು ಹೆದರಿದ್ದು ಸುಮ್ಮನೆ ಅಲ್ಲ.

ಕೊನೇ ಮಾತು. ಧೋಂಡಿಯಾ ಸತ್ತಾಗ ಅವನ ಸಾಮಾನಿನ ನಡುವೆ ಸಿಕ್ಕ ಪುಟ್ಟ ಮಗ ಸಲಾಬತ್ ಖಾನ್. ವೆಲ್ಲೆಸ್ಲಿ ಸಾಕೋಕೆ ದುಡ್ಡು ಇಟ್ಟುಹೋದ. ಹುಡುಗ ದೊಡ್ಡವನಾಗಿ ಸೇರಿದ್ದು ಮೈಸೂರು ಅರಸರ ಚಾಕರಿಗೇ! ಅಪ್ಪನ ಕತ್ತಿ ಎದ್ದದ್ದು ಆ ಸಂಸ್ಥಾನದ ಮೇಲೇ. ನಾಡು ಮತ್ತೆ ಕೂಡಿಕೊಳ್ಳೋದು ಅಂದ್ರೆ ಬಹುಶಃ ಇದೇ.

ಪೂರ್ಣಯ್ಯ ಟಿಪ್ಪುವಿಗೆ ದ್ರೋಹ ಮಾಡಿದರಾ, ನಾಡನ್ನ ಉಳಿಸಿದರಾ? ನಿಮಗೇನನ್ನಿಸುತ್ತೆ, ಕೆಳಗೆ ಬರೀರಿ. ಬೈಗುಳ ಬೇಡ, ಕಾರಣ ಕೊಡಿ 🙏

ಮುಂದಿನ ಭಾಗ: ಮನ್ರೋ ಮತ್ತು ಬಳ್ಳಾರಿಯ ಪಾಳೇಗಾರರು.

#ಕೆಂಚನಗುಡ್ಡ #ಸಿರುಗುಪ್ಪ #ಬಳ್ಳಾರಿ #ದಿವಾನ್_ಪೂರ್ಣಯ್ಯ #ನಮ್ಮ_ಇತಿಹಾಸ