ಘಟ್ಟ ಹತ್ತಿದ ನತಾಲಾಂ

ಕರಾವಳಿಯ ಕ್ರಿಸ್‌ಮಸ್ ಎಂದೊಡನೆ ಮಂಗಳೂರಿನ ಇಗರ್ಜಿಗಳು, ಮನೆಯ ಮುಂದಿನ ಗೂಡುನಕ್ಷತ್ರ, ನೆರೆಮನೆಗೆ ಹೋಗುವ ಕುಸ್ವಾರಿನ ತಟ್ಟೆ ಕಣ್ಣ ಮುಂದೆ ಬರುತ್ತವೆ. ಕೊಂಕಣಿ ಕ್ಯಾಥೊಲಿಕರು ಇದನ್ನು ನತಾಲಾಂ ಎನ್ನುತ್ತಾರೆ. ಪೋರ್ಚುಗೀಸರ 'ನತಾಲ್' ಶಬ್ದದಿಂದ ಬಂದ ಹೆಸರು ಅದು. ಈ ಹಬ್ಬವನ್ನು ಕಡಲಂಚಿನ ಆಚರಣೆಯೆಂದೇ ವರ್ಣಿಸಿ ಮುಗಿಸುವುದು ರೂಢಿಯಾಗಿದೆ. ಆದರೆ ಶಿರಾಡಿ ಘಟ್ಟದ ಮೇಲಿನ ಸಕಲೇಶಪುರ, ಆಲೂರು ಸೀಮೆಯನ್ನು ಬಿಟ್ಟು ಈ ಹಬ್ಬದ ಚರಿತ್ರೆ ಪೂರ್ಣವಾಗದು. ಡಿಸೆಂಬರ್ ತಿಂಗಳಲ್ಲಿ ಕರಾವಳಿಯ ಒಂದು ಪಾಲು ಜನ ಇರುತ್ತಿದ್ದುದು ಕಡಲ ಬಳಿಯಲ್ಲಲ್ಲ, ಕಾಫಿ ಗಿಡಗಳ ನಡುವೆ.

ಈ ಜನಸಮುದಾಯ ಘಟ್ಟ ಹತ್ತಿದ ಮೊದಲ ದೊಡ್ಡ ಸಂದರ್ಭ ಸಂತೋಷದ್ದಲ್ಲ. 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದಂದು ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಸೆರೆಯಾದವರ ಸಂಖ್ಯೆಯನ್ನು 30 ಸಾವಿರದಿಂದ 80 ಸಾವಿರದವರೆಗೆ ಬೇರೆ ಬೇರೆಯಾಗಿ ಹೇಳಲಾಗಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಬಿಡುಗಡೆ ಹೊಂದಿದರು. ಹಲವರು ಮತ್ತೆ ಘಟ್ಟವಿಳಿದು ಊರು ಸೇರಿದರು. ಅವರು ಸೆರೆಯಲ್ಲಿದ್ದ ಕಾಲದಲ್ಲಿಯೇ, 1792ರಲ್ಲಿ, ಸಕಲೇಶಪುರದ ಬಳಿ ಮಂಜರಾಬಾದ್ ಕೋಟೆ ಪೂರ್ಣಗೊಂಡಿತು. ಕರಾವಳಿಯಿಂದ ಮೇಲೇರುವ ದಾರಿಯನ್ನು ಕಾಯುವುದಕ್ಕಾಗಿ ಯುರೋಪಿನ ಮಾದರಿಯಲ್ಲಿ ಕಟ್ಟಿದ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆ ಅದು. ಆ ನಕ್ಷತ್ರವನ್ನು ಹಬ್ಬದ ನಕ್ಷತ್ರದೊಡನೆ ಜೋಡಿಸುವ ಚಪಲ ಪ್ರವಾಸಿ ಬರಹಗಳಿಗೆ ಬರಬಹುದು. ಚರಿತ್ರೆಗೆ ಅದರಿಂದ ಲಾಭವಿಲ್ಲ. ಲಕ್ಷಿಸಬೇಕಾದುದು ದಾರಿಯನ್ನು. ಬಲವಂತಕ್ಕೆ ಘಟ್ಟ ಹತ್ತಿದವರ ಮೊಮ್ಮಕ್ಕಳ ಕಾಲಕ್ಕೆ ಘಟ್ಟ ಹತ್ತುವುದೆಂದರೆ ಕೂಲಿಗೆ, ಕೆಲಸಕ್ಕೆ ಹೋಗುವುದೆಂಬ ಅರ್ಥ ಬಂದಿತ್ತು.

ಈ ಬದಲಾವಣೆಯನ್ನು ತಂದುದು ಕಾಫಿ. ಮಂಜರಾಬಾದ್ ಸೀಮೆಯಲ್ಲಿ ಯುರೋಪಿಯನ್ ತೋಟಗಾರಿಕೆ 1840ರ ದಶಕದಲ್ಲಿ ಆರಂಭವಾಯಿತು. 1850ರ ದಶಕದಲ್ಲಿ ಇಲ್ಲಿಗೆ ಬಂದು ನೆಲೆಸಿದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಗ್ರಂಥದ ಶೀರ್ಷಿಕೆಯಲ್ಲಿ ಚಿನ್ನ, ಬೇಟೆ, ಕಾಫಿ ಮೂರೂ ಇವೆ. ತೋಟದ ಒಡೆಯನ ಆಸಕ್ತಿಗಳ ಪಟ್ಟಿಯೆಂದೇ ಅದನ್ನು ಓದಬಹುದು. ಅರೇಬಿಕಾ ಹಣ್ಣಿನ ಕುಯ್ಲು ನವೆಂಬರಿನಿಂದ ಜನವರಿಯವರೆಗೆ ನಡೆಯುತ್ತದೆ. ಅದರ ಬೆನ್ನಿಗೆ ರೊಬಸ್ಟಾ ಬರುತ್ತದೆ. ಘಟ್ಟದ ಕೆಳಗೆ ಏಣೆಲು ಭತ್ತದ ಕೊಯ್ಲು ಮುಗಿದು ಕೈ ಬಿಡುವಾಗುವ ಹೊತ್ತೂ ಅದೇ. ಹಾಗಾಗಿ ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತಂದ ಗುಂಪುಗಳು ಮಳೆಗಾಲ ಕಳೆದೊಡನೆ ಮೇಲೇರುತ್ತಿದ್ದವು, ಮುಂದಿನ ಮಳೆಗೆ ಮುನ್ನ ಇಳಿಯುತ್ತಿದ್ದವು. ಅವರಲ್ಲಿ ತುಳು ಮಾತಿನವರೇ ಬಹಳ, ಕ್ರೈಸ್ತರು ಕೆಲವರು. ಅವರೊಡನೆ ಕೊಂಕಣಿ ಕ್ಯಾಥೊಲಿಕರು ಆಳುಗಳಾಗಿ, ರೈಟರರಾಗಿ, ಬಡಗಿಗಳಾಗಿ, ಕಾಲಕ್ರಮದಲ್ಲಿ ತೋಟದ ಒಡೆಯರಾಗಿಯೂ ಇಲ್ಲಿ ನೆಲೆಯೂರಿದರು.

ಕರಾವಳಿಯ ಪಂಚಾಂಗಕ್ಕೂ ತೋಟದ ಪಂಚಾಂಗಕ್ಕೂ ಘರ್ಷಣೆಯಾಗುವುದು ಇಲ್ಲಿ. ಕಡಲ ಬದಿಯ ಕ್ಯಾಥೊಲಿಕರಿಗೆ ಬೆಳೆಯ ಹಬ್ಬವೇ ಬೇರೆ. ಅದು ಸೆಪ್ಟೆಂಬರ್ 8ರ ಮೊಂತಿ ಫೆಸ್ತ್. ಅಂದು ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಗೆ ತಂದು ಹೊಸ ಅಕ್ಕಿಯ ಊಟ ಮಾಡುತ್ತಾರೆ. ನತಾಲಾಂ ಬರುವಷ್ಟರಲ್ಲಿ ಕಣಜ ತುಂಬಿರುತ್ತದೆ, ದಿನಗಟ್ಟಲೆ ಕುಳಿತು ತಿಂಡಿ ಕರಿಯಲು ವ್ಯವಧಾನವಿರುತ್ತದೆ. ಘಟ್ಟದ ಮೇಲಾದರೋ ಡಿಸೆಂಬರ್ 25ರಂದು ಗಿಡದಲ್ಲಿ ಹಣ್ಣು ಕೆಂಪೇರಿ ನಿಂತಿರುತ್ತದೆ, ಕಣದಲ್ಲಿ ಬೀಜ ಒಣಗುತ್ತಿರುತ್ತದೆ, ಅಕಾಲದ ಒಂದು ಮಳೆ ಬಂದರೂ ವರ್ಷದ ದುಡಿಮೆ ಮುಗ್ಗಾಗುತ್ತದೆ. ಹಣ್ಣು ಹಬ್ಬವನ್ನು ಕಾಯುವುದಿಲ್ಲ. ಊರಿಗೆ ಇಳಿದು ಹೋದ ಆಳು ಕೂಡಲೇ ಮರಳುವನೆಂಬ ಭರವಸೆ ಮೇಸ್ತ್ರಿಗಿಲ್ಲ. ಮುಂಗಡದ ಸಾಲ ತೀರದ ಆಳಿಗೆ ಇಳಿಯುವ ಸ್ವಾತಂತ್ರ್ಯವೂ ಇಲ್ಲ. ಊರಿಗೆ ಹೋಗಲಾಗದವರು ಹಬ್ಬವನ್ನೇ ಲೈನ್ ಮನೆಗಳಿಗೆ ಬರಮಾಡಿಕೊಂಡರು. 1951ರ ತೋಟ ಕಾರ್ಮಿಕರ ಕಾಯಿದೆ ವಾರಕ್ಕೊಂದು ದಿನದ ಬಿಡುವನ್ನು ಹಕ್ಕಾಗಿಸಿದ ಮೇಲೆ ಸ್ಥಿತಿ ಸುಧಾರಿಸಿತು. ಅದಕ್ಕೆ ಹಿಂದಿನ ಕಾಲದಲ್ಲಿ ಬಿಡುವು ಬಹುಮಟ್ಟಿಗೆ ಒಡೆಯನ ಮರ್ಜಿಯ ಮಾತು.

ಹೀಗೆ ಮೇಲೇರಿದ ಹಬ್ಬದಲ್ಲಿ ಕುಸ್ವಾರಿಗೇ ಅಗ್ರಸ್ಥಾನ. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ತುಕ್ಡಿ, ಚಕ್ಕುಲಿ ಮೊದಲಾದ ಕುರುಕಲುಗಳಿಗೆ ಒಟ್ಟಾಗಿ ಇರುವ ಹೆಸರು ಅದು. ನೆವ್ರಿ ಕನ್ನಡಿಗರ ಕರ್ಜಿಕಾಯಿಯ ಒಡಹುಟ್ಟು: ತೆಂಗು, ಎಳ್ಳು, ಸಕ್ಕರೆ, ಏಲಕ್ಕಿಗಳ ಹೂರಣ ತುಂಬಿ ಅಂಚು ಮಡಿಸಿ ಕರಿದದ್ದು. ಕಿಡಿಯೊ ಎಂದರೆ ಹುಳುಗಳು. ಹಿಟ್ಟಿನ ಚೂರನ್ನು ಬಾಚಣಿಗೆಯ ಹಲ್ಲಿನ ಮೇಲೊತ್ತಿ ಸುರುಳಿ ಮಾಡಿದಾಗ ಬರುವ ಗೆರೆಗಳಿಂದ ಆ ಹೆಸರು. ಕೊಕ್ಕಿಸಾಂಗೆ ಹೂವಿನಾಕಾರದ ಕಬ್ಬಿಣದ ಅಚ್ಚು ಬೇಕು. ಕಾದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗಿಳಿಸಿದರೆ ಹೂ ಬಿಡಿಸಿಕೊಳ್ಳುತ್ತದೆ. ಈ ತಟ್ಟೆಯ ಆಧಾರದ್ರವ್ಯ ತೆಂಗು; ಕಡಲ ಬದಿಯಲ್ಲಿ ಅದು ಹಿತ್ತಲಿನ ವಸ್ತು, ಘಟ್ಟದ ತೋಟಗಳಲ್ಲಿ ಕೆಳಗಿನಿಂದ ತರಿಸಬೇಕಾದ ಸರಕು. ಏಲಕ್ಕಿಯದು ಇದಕ್ಕೆ ತದ್ವಿರುದ್ಧವಾದ ಪಯಣ. ಅದು ಮಲೆಗಳ ಬೆಳೆ. ಸಕಲೇಶಪುರದ ದೋಣಿಗಾಲಿನಲ್ಲಿ ಸಾಂಬಾರ ಮಂಡಳಿಯ ಏಲಕ್ಕಿ ಸಂಶೋಧನಾ ಕೇಂದ್ರವಿರುವುದು ಆ ಕಾರಣದಿಂದಲೇ. ಕರಾವಳಿಯದೆಂದು ಹೆಸರಾದ ನೆವ್ರಿಯ ಪರಿಮಳ ಮೊದಲಿನಿಂದಲೂ ಘಟ್ಟದ ಮೇಲಿನದು. ಕಡಲು ತನ್ನ ಹಬ್ಬವನ್ನು ಮಲೆನಾಡಿಗೆ ದಾನ ಮಾಡಿತೆಂಬ ಏಕಮುಖ ವಿವರಣೆ ಈ ಕಾರಣಕ್ಕೂ ಒಪ್ಪತಕ್ಕದ್ದಲ್ಲ.

ಕುಸ್ವಾರ್ ಮನೆಯವರಿಗಷ್ಟೇ ಮಾಡಿದ ತಿಂಡಿಯಲ್ಲ. ಮತಭೇದವಿಲ್ಲದೆ ನೆರೆಯವರಿಗೆ ಹಂಚುವುದು ಅದರ ಕ್ರಮ. ಮೊಟ್ಟೆ ಬೀಳುವ ಒಂದೆರಡನ್ನು ಬಿಟ್ಟರೆ ಅಕ್ಕಿ, ತೆಂಗು, ಬೆಲ್ಲಗಳ ಈ ತಿಂಡಿಗಳು ದೀಪಾವಳಿಯ ತಿಂಡಿಗಳಿಗೆ ಅಷ್ಟೇನೂ ದೂರವಲ್ಲ. ಹಲವು ಕಡೆಗಳಿಂದ ಬಂದ ಆಳುಗಳು ಒಂದೇ ಸಾಲಿನಲ್ಲಿ ವಾಸಿಸುವ ತೋಟದಲ್ಲಿ ಇಂಥ ತಟ್ಟೆಯೇ ಪರಿಚಯಪತ್ರವಾಗುವುದು ಸಹಜ.

ಹಾಸನ ಜಿಲ್ಲೆಯ ಕ್ರೈಸ್ತ ಪರಂಪರೆ ಮಾತ್ರ ಕರಾವಳಿಯದೊಂದೇ ಅಲ್ಲ. ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಪಾಳಾಗಿ ನಿಂತಿರುವ ಶೆಟ್ಟಿಹಳ್ಳಿಯ ಇಗರ್ಜಿ ಫ್ರೆಂಚ್ ಪಾದ್ರಿಗಳು 19ನೆಯ ಶತಮಾನದಲ್ಲಿ ಕಟ್ಟಿಸಿದ್ದು. ಬಯಲಿನ ಆ ಕವಲಿನ ಭಾಷೆ ಕನ್ನಡ. ತೋಟಗಳ ಕವಲು ಕೊಂಕಣಿಯದು. ಇವೆರಡೂ 1963ರಲ್ಲಿ ಸ್ಥಾಪಿತವಾದ ಚಿಕ್ಕಮಗಳೂರು ಧರ್ಮಪ್ರಾಂತದ ಆಡಳಿತದಲ್ಲಿ ಒಂದಾದವು. ಅದೇ ಹೊತ್ತಿಗೆ ಎರಡನೆಯ ವ್ಯಾಟಿಕನ್ ಸಮ್ಮೇಳನ ಲ್ಯಾಟಿನ್ನಿನ ಜಾಗದಲ್ಲಿ ಜನಭಾಷೆಗಳಿಗೆ ಅವಕಾಶವಿತ್ತಿತು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲೊಂದು ಸ್ವಾರಸ್ಯವಿದೆ. ಮಂಗಳೂರಿನಲ್ಲಿ 1912ರಲ್ಲಿ 'ಕೊಂಕಣಿ ದಿರ್ವೆಂ', 1938ರಲ್ಲಿ 'ರಾಕ್ಣೊ' ಪತ್ರಿಕೆಗಳು ಹೊರಟಾಗ ಅವು ಬಳಸಿದ್ದು ಕನ್ನಡ ಲಿಪಿಯನ್ನು. ಘಟ್ಟದ ಮೇಲೆ ಹುಟ್ಟಿ, ಶಾಲೆಯಲ್ಲಿ ಕನ್ನಡ ಕಲಿತ ಮಗು ಮನೆಮಾತಿನ ಪ್ರಾರ್ಥನೆಯನ್ನೂ ಹಬ್ಬದ ಹಾಡನ್ನೂ ಬೇರೊಂದು ಲಿಪಿಯ ಹಂಗಿಲ್ಲದೆ ಓದಬಲ್ಲುದಾಯಿತು. ಭಾಷೆ ಉಳಿಯಲು ಇಗರ್ಜಿಯಷ್ಟೇ ಈ ಲಿಪಿಯೂ ಕಾರಣ.

ದಾರಿಯ ಸೌಕರ್ಯದೊಡನೆ ಹಬ್ಬದ ಸ್ವರೂಪವೂ ಬದಲಾಯಿತು. 1979ರಲ್ಲಿ ಮಂಗಳೂರು–ಹಾಸನ ಮೀಟರ್‌ಗೇಜ್ ರೈಲುಮಾರ್ಗ ಪೂರ್ಣಗೊಂಡಾಗ ಸಕಲೇಶಪುರ–ಸುಬ್ರಹ್ಮಣ್ಯಗಳ ನಡುವಿನ ಐವತ್ತಕ್ಕೂ ಮಿಕ್ಕಿದ ಸುರಂಗಗಳ ಮೂಲಕ ಕಡಲ ತೀರ ಒಂದು ದಿನದೊಳಗಿನ ಪಯಣವಾಯಿತು. 1996ರಲ್ಲಿ ಹಳಿ ಬದಲಾವಣೆಗೆಂದು ಮಾರ್ಗ ಮುಚ್ಚಿತು. ಪ್ರಯಾಣಿಕರ ರೈಲು ಮರಳಿದ್ದು 2007ರ ಡಿಸೆಂಬರಿನಲ್ಲಿ, ಹಬ್ಬಕ್ಕೆ ಕೆಲವೇ ದಿನಗಳ ಮುಂಚೆ. ಇನ್ನು ನಡುರಾತ್ರಿಯ ಬಲಿಪೂಜೆಗೆ ಈ ಸೀಮೆಯಲ್ಲಿ ಬೇರೆಯೇ ತೊಡಕಿದೆ. 2012ರಲ್ಲಿ ಉಚ್ಚ ನ್ಯಾಯಾಲಯ ನೇಮಿಸಿದ ಆನೆ ಕಾರ್ಯಪಡೆ ಆಲೂರು–ಸಕಲೇಶಪುರ ಭಾಗದ ಕಾಡಾನೆಗಳನ್ನು ಹಿಡಿದು ಸಾಗಿಸಲು ಶಿಫಾರಸು ಮಾಡುವಷ್ಟು ಪರಿಸ್ಥಿತಿ ಬಿಗಡಾಯಿಸಿತ್ತು. ಆನೆಗಳನ್ನು ಹಿಡಿದ ಮೇಲೂ ಹಾವಳಿ ನಿಂತಿಲ್ಲ. ಮಂಜು ಕವಿದ ತೋಟದ ದಾರಿಯಲ್ಲಿ ಮಕ್ಕಳೊಡನೆ ರಾತ್ರಿ ನಡೆದು ಇಗರ್ಜಿಗೆ ಹೋಗುವುದು ಇಂದು ಸಲೀಸಾದ ಕೆಲಸವಲ್ಲ.

ಈ ಚರಿತ್ರೆಯನ್ನು ಬರೆಯಹೊರಟವರು ತೋಟಗಾರರ ಗ್ರಂಥಗಳನ್ನೇ ನೆಚ್ಚಿದರೆ ಬೇಟೆಯ ವೃತ್ತಾಂತಗಳು ಸಿಕ್ಕಾವು, ಲೈನ್ ಮನೆಯ ಗೊದ್ಲಿ ಸಿಗಲಾರದು. ಅದಕ್ಕೆ ಎರಡು ಬಗೆಯ ಕಡತಗಳನ್ನು ಎದುರುಬದುರಿಟ್ಟು ಓದಬೇಕು. ಒಂದು, ಇಗರ್ಜಿಗಳ ದೀಕ್ಷಾಸ್ನಾನ, ವಿವಾಹ, ಮರಣಗಳ ದಾಖಲೆ; ಮತ್ತೊಂದು, ತೋಟಗಳ ಚೆಕ್ ರೋಲ್. ಡಿಸೆಂಬರ್ 24ರಿಂದ 26ರವರೆಗೆ ಯಾರ ಹೆಸರಿನ ಮುಂದೆ ಹಾಜರಿ, ಯಾರ ಹೆಸರಿನ ಮುಂದೆ ಗೈರುಹಾಜರಿ ಬಿದ್ದಿದೆ, ಎಷ್ಟು ಕೂಲಿ ಕಡಿತವಾಗಿದೆ ಎಂಬುದು ಅಲ್ಲಿ ಕಾಣುತ್ತದೆ. ತೋಟಗಳು ಕೈ ಬದಲಾದಾಗ ಹಳೆಯ ಚೆಕ್ ರೋಲುಗಳೇ ಮೊದಲು ರದ್ದಿಗೆ ಹೋಗುತ್ತವೆ. ಅವುಗಳನ್ನು ಹುಡುಕುವ ಕೆಲಸ ಈಗಲೇ ಆಗಬೇಕು.